ಹಳೆಯ ಚೀಟಿ ಹರಿಯಬಾರದು

ಜನವರಿ ೧೨, ೧೯೮೬

ಅಪ್ಪನಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಒಂದು ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ. ಬೇರೆ ಅರ್ಥ ಹಚ್ಚಬೇಡಿ.

ಈ ವರ್ಷದಿಂದ ಆಸ್ಪತ್ರೆಯ ಪ್ರಯೋಗಾಲಯದ ಕೆಲಸದ ಜೊತೆಗೆ ವೈದ್ಯಕೀಯ ಕಾಲೇಜಿನ ಮೊದಲ ವರ್ಷದವರಿಗೆ ಪಾಠವನ್ನೂ ಹಚ್ಚಿದ್ದಾರೆ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಸೂಕ್ಷ್ಮದರ್ಶಕದ ಕೆಳಗೆ ಯಾರದೋ ದೇಹದ ಚೂರು ನೋಡಿ ವರದಿ ಬರೆಯುವುದು. ಹುಡುಗರು ರೋಗಗಳ ಹೆಸರನ್ನು ಗಿಳಿಪಾಠ ಮಾಡುತ್ತಾರೆ, ಅರ್ಥ ಕೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ನಿನ್ನೆ ಒಬ್ಬಳಿಗೆ ‘ಆರ್ಥ್ರೈಟಿಸ್’ ಬಿಡಿಸಿ ಹೇಳು ಎಂದೆ. ‘ಬಿಡಿಸೋಕೆ ಅದೇನು ಬಟಾಣಿನಾ ಮೇಡಂ?’ ಅಂದಳು.

ಗಿಡಗಳ ಹೆಸರಿನಲ್ಲಿರುವ ಗ್ರೀಕ್ ಮೂಲಗಳನ್ನು ನೀವು ಒಂದು ನೀಲಿ ನೋಟ್ ಪುಸ್ತಕದಲ್ಲಿ ನನಗಾಗಿ ಬರೆದಿಟ್ಟಿದ್ದಿರಿ. ಒಂದೊಂದು ಮೂಲದ ಎದುರಿಗೆ ಗಿಡದಿಂದ ಒಂದು ಉದಾಹರಣೆ, ದೇಹದಿಂದ ಒಂದು. ಅದನ್ನು ಅಂಚೆಯಲ್ಲಿ ಕಳಿಸಿದರೆ ನಕಲು ಮಾಡಿಕೊಂಡು ಹಿಂದಿರುಗಿಸುತ್ತೇನೆ.

ಹಳೆಯ ವಿಷಯ ಯಾವುದೂ ಬೇಡ. ಅಮ್ಮನ ವಿಷಯವಂತೂ ಬೇಡವೇ ಬೇಡ.

ಇತಿ,
ನಿಮ್ಮ ಮಗಳು


ಜನವರಿ ೨೦, ೧೯೮೬

ಕತ್ತರಿಗೆ,

ಈ ಹೆಸರು ಈಗಲೂ ಸಲ್ಲುತ್ತದೋ ಇಲ್ಲವೋ ಗೊತ್ತಿಲ್ಲ. ಐದು ವರ್ಷದವಳಿದ್ದಾಗ ಯಾವ ಪದ ಕೈಗೆ ಸಿಕ್ಕರೂ ಕತ್ತರಿಸಿ ‘ಇದರೊಳಗೆ ಏನಿದೆ ಅಪ್ಪಾ?’ ಎಂದು ಕೇಳುತ್ತಿದ್ದವಳಿಗೆ ನಾನಿಟ್ಟ ಹೆಸರು. ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ನಿನ್ನ ಕಾಗದ ಬಂದಾಗ ನಾನು ಹರ್ಬೇರಿಯಂನಲ್ಲಿ ಚೀಟಿ ಬರೆಯುತ್ತಿದ್ದೆ. ಎದುರಿಗೆ ಗೋಂದಕ್ಕ. ಅವಳು ನಿನಗೆ ನೆನಪಿರಬೇಕು. ಒಣಗಿದ ಗಿಡವನ್ನು ಅವಳು ಹಾಳೆಗೆ ಅಂಟಿಸುತ್ತಾಳೆ, ನಾನು ಮೂಲೆಯಲ್ಲಿ ಅದರ ಹೆಸರಿನ ಚೀಟಿ ಬರೆಯುತ್ತೇನೆ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಜೋಡಿ. ‘ಯಾರದ್ದು ಕಾಗದ? ಮುಖ ಊರಗಲ ಆಗಿದೆ?’ ಅಂದಳು. ‘ಕೆಲಸದ ಕಾಗದ’ ಅಂದೆ. ‘ಕೆಲಸದ ಕಾಗದಾನ ಯಾರಾದ್ರೂ ಕನ್ನಡಕ ಒರೆಸ್ಕೊಂಡು ನಾಲ್ಕು ಸಲ ಓದ್ತಾರಾ?’ ಅಂದಳು. ಅವಳ ಕೈಗೆ ಮಾತ್ರ ಅಂಟು, ಬಾಯಿಗಲ್ಲ.

ನನ್ನನ್ನು ‘ನೀವು’ ಮಾಡಿಬಿಟ್ಟಿದ್ದೀಯ. ಇರಲಿ ಬಿಡು. ನಮ್ಮ ನಿರ್ದೇಶಕರೂ ಕೊಡದ ಮರ್ಯಾದೆ.

ನೋಟ್ ಪುಸ್ತಕ ಕಳಿಸಲಾರೆ. ಹುಳು ಬಿದ್ದಿದೆ, ಮುಟ್ಟಿದರೆ ಅಂಚು ಉದುರುತ್ತದೆ. ಕಂತು ಕಂತಾಗಿ ನಾನೇ ಬರೆದು ಕಳಿಸುತ್ತೇನೆ. ಒಟ್ಟು ನೂರ ಐವತ್ತೆರಡು ಮೂಲಗಳು, ನಮ್ಮ ಬೀರುಗಳ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ. ಮೊದಲ ಕಂತಿನ ಮೂವತ್ತು ಇದರ ಜೊತೆಗಿವೆ. ರುಚಿಗೆ ಎರಡು ಇಲ್ಲೇ ಹೇಳುತ್ತೇನೆ.

೧. ಅ: ಇಲ್ಲ. ಗಿಡದಲ್ಲಿ: ಎಪೆಟಲಸ್, ದಳವಿಲ್ಲದ ಹೂವು. ದೇಹದಲ್ಲಿ: ಅಫೇಸಿಯ, ಮಾತು ಇಲ್ಲವಾಗುವುದು. ನಮ್ಮ ‘ಅನ್ಯಾಯ’, ‘ಅಶಕ್ತ’ಗಳಲ್ಲಿ ಕೂತಿರುವ ‘ಅ’ ಕೂಡ ಇದರ ದಾಯಾದಿಯೇ.

೪. ಆಂಜಿಯಾನ್: ಪಾತ್ರೆ. ಗಿಡದಲ್ಲಿ: ಹೈಡ್ರಾಂಜಿಯ, ನೀರಿನ ಪಾತ್ರೆ. ದೇಹದಲ್ಲಿ: ಆಂಜಿಯೋಗ್ರಾಂ, ರಕ್ತ ಹರಿಯುವ ನಾಳಗಳ ಚಿತ್ರ.

‘ಓ’ ಅಕ್ಷರಕ್ಕೆ ಬಂದಾಗ ನೀಲಿ ಪುಸ್ತಕದಲ್ಲಿಲ್ಲದ ಒಂದು ಮೂಲ ಹೆಚ್ಚಿಗೆ ಇರುತ್ತದೆ. ಆರ್ಕಿಡ್ ಹೂವಿನ ಹೆಸರು ಎಲ್ಲಿಂದ ಬಂತೆಂದು ನೀನು ಎಷ್ಟು ಕೇಳಿದರೂ ನಾನು ಹೇಳಿರಲಿಲ್ಲ. ಆಮೇಲೆ ವೈದ್ಯಕೀಯ ಕಾಲೇಜಿನಲ್ಲಿ ನಿನಗೇ ಗೊತ್ತಾಗಿ, ರಜೆಗೆ ಬಂದವಳು ‘ಅಪ್ಪಾ, ಪುಷ್ಪ ಪ್ರದರ್ಶನದಲ್ಲಿ ಹೆಂಗಸರೆಲ್ಲ ತಲೆಗೆ ಸಿಕ್ಕಿಸಿಕೊಂಡು ಓಡಾಡೋದು ವೃಷಣಾನಾ!’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಮ್ಮ ಅಡುಗೆಮನೆಯಿಂದ ‘ಏನದು?’ ಅಂದರೆ ಇಬ್ಬರೂ ಬಾಯಿ ಬಿಡಲಿಲ್ಲ. ಪಟ್ಟಿಯಲ್ಲಿ ನಾನು ಬಿಟ್ಟದ್ದು ಅದೊಂದನ್ನೇ.

ಅಮ್ಮನ ವಿಷಯ ಬೇಡ ಎಂದಿದ್ದೆ. ಒಂದು ಸಾಲು ನುಸುಳಿಬಿಟ್ಟಿತು. ಹೊಡೆದುಹಾಕೋಣ ಎಂದರೆ ಕಾಗದ ಗಲೀಜಾಗುತ್ತದೆ.

ನಿನ್ನ
ಅಪ್ಪ


ಮಾರ್ಚ್ ೩, ೧೯೮೬

ಅಪ್ಪನಿಗೆ,

ಎರಡು ಕಂತೂ ಬಂದವು. ಹುಡುಗರಿಗೆ ಹುಚ್ಚು ಹಿಡಿದಿದೆ. ಊಟದ ಕೋಣೆಯಲ್ಲಿ ತಟ್ಟೆ ಬಡಿದುಕೊಂಡು ಒಬ್ಬರಿಗೊಬ್ಬರು ಪದ ಎಸೆಯುತ್ತಾರಂತೆ. ‘ಡೆಂಡ್ರಾನ್’ ಮರವೆಂದೂ, ರೋಡೊಡೆಂಡ್ರಾನ್ ಗುಲಾಬಿ ಮರವೆಂದೂ, ನರಕೋಶದ ಕವಲಿಗೆ ಡೆಂಡ್ರೈಟ್ ಎನ್ನುವುದು ಅದಕ್ಕೇ ಎಂದೂ ಹೇಳಿದಾಗ, ಆ ಬಟಾಣಿ ಹುಡುಗಿ ‘ಹಾಗಾದ್ರೆ ನಮ್ಮ ತಲೆಯೊಳಗೆ ಕಾಡೇ ಇದೆ’ ಅಂದಳು. ನಿಮಗೆ ಹೇಳಬೇಕೆನಿಸಿತು.

ಒಂದು ಮಾತು. ನಿಮ್ಮ ಅಕ್ಷರ ಯಾಕೆ ಹೀಗಾಗಿದೆ? ಮೊದಲ ಕಂತು ಪರವಾಗಿಲ್ಲ, ಎರಡನೆಯದರಲ್ಲಿ ಸಾಲುಗಳು ಇಳಿಜಾರಿನಲ್ಲಿ ಜಾರುತ್ತಿವೆ. ಹರ್ಬೇರಿಯಂ ನೋಡಲು ಬಂದವರು ಗಿಡ ಬಿಟ್ಟು ನಿಮ್ಮ ಅಕ್ಷರ ನೋಡಿ ಹೋಗುತ್ತಿದ್ದರು. ಅವಸರದಲ್ಲಿ ಬರೆಯಬೇಡಿ. ನಕಲು ಮಾಡುವವರಿಗೆ ಕಷ್ಟ.

ಇತಿ,
ಮಗಳು


ಮೇ ೨, ೧೯೮೬

ಕತ್ತರಿಗೆ,

ತಡವಾಯಿತು, ಬಯ್ಯಬೇಡ. ಪೆನ್ನಿನ ಮುಳ್ಳು ಹಳೆಯದಾಗಿದೆ, ಮೇಜಿನ ಕಾಲು ಗಿಡ್ಡವಾಗಿದೆ, ಬರೆಯುವವನಿಗೆ ವಯಸ್ಸಾಗಿದೆ. ಇವುಗಳಲ್ಲಿ ನಿನಗೆ ಒಪ್ಪಿಗೆಯಾದ ಕಾರಣ ಆರಿಸಿಕೋ.

ಮೂರನೆಯ ಕಂತಿನಲ್ಲಿ ಎರಡು ಮೂಲಗಳಿವೆ. ಅವು ಬರುತ್ತವೆಂದು ನಿನಗೂ ಗೊತ್ತಿತ್ತು. ನಾನು ಬಿಟ್ಟುಬಿಡುತ್ತೇನೋ ಎಂದು ಕಾದಿರಬೇಕು. ಬಿಟ್ಟಿಲ್ಲ.

೫೨. ಹೈಮ: ರಕ್ತ. ಗಿಡದಲ್ಲಿ: ಹೀಮಾಂಥಸ್, ರಕ್ತದ ಹೂವು.

೭೭. ಲ್ಯೂಕೋಸ್: ಬಿಳಿ. ಗಿಡದಲ್ಲಿ: ಲ್ಯೂಕಾಡೆಂಡ್ರಾನ್, ಬಿಳಿ ಮರ.

ದೇಹದಲ್ಲಿ, ಎರಡಕ್ಕೂ ಸೇರಿ ಒಂದೇ ಉದಾಹರಣೆ: ನಿನ್ನ ಅಮ್ಮ.

ಬೇಡವೆಂದದ್ದನ್ನು ಬರೆಯುತ್ತಿದ್ದೇನೆ. ನಮ್ಮ ಹರ್ಬೇರಿಯಂನ ಕಟ್ಟಳೆ ನಿನಗೆ ಗೊತ್ತು. ಗಿಡದ ಗುರುತು ತಪ್ಪಾಗಿತ್ತೆಂದು ಮುಂದೆ ತಿಳಿದರೂ ಹಳೆಯ ಚೀಟಿ ಹರಿಯಬಾರದು. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ ಸರಿಯಾದ ಹೆಸರು, ಗುರುತಿಸಿದವರು, ದಿನಾಂಕ ಬರೆಯಬೇಕು. ತಪ್ಪಿದವನ ಕೈಬರಹವೂ ಉಳಿಯಬೇಕು, ತಿದ್ದಿದವನದೂ. ನಾನು ಆವತ್ತು ನಿನಗೆ ಬರೆದ ‘ಅಮ್ಮ ಚೆನ್ನಾಗಿದ್ದಾಳೆ, ಸ್ವಲ್ಪ ನಿಶ್ಶಕ್ತಿ, ನೀನು ಓದಿಕೋ’ ಎಂಬ ಕಾಗದ ನಿನ್ನ ಹತ್ತಿರ ಇದ್ದರೆ ಅದರ ಪಕ್ಕದಲ್ಲಿ ಇದನ್ನು ಅಂಟಿಸು.

ಆಸ್ಪತ್ರೆಯ ಎರಡನೆಯ ಮಹಡಿ, ಕಿಟಕಿಯ ಪಕ್ಕದ ಬೆಂಚು. ನಿನ್ನ ಅಮ್ಮ ಸ್ಟೇಷನ್ನಿನ ಟಿಕೆಟ್ ಕೌಂಟರ್‌ನಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ರಕ್ತದ ವರದಿ ನನ್ನ ಕೈಗೆ ಕೊಟ್ಟರು. ಡಾಕ್ಟರು ಕರೆಯುವ ಮೊದಲೇ ‘ಲ್ಯುಕೀಮಿಯ’ ಎಂಬ ಪದವನ್ನು ನಾನು ಓದಿದೆ. ಬಿಳಿ, ರಕ್ತ. ಮೂವತ್ತು ವರ್ಷ ಹೂವಿಗೆ ಹಚ್ಚಿದ ಪದಗಳು ಅಲ್ಲಿ ಕೂತಿದ್ದವು. ‘ಏನಂತೆ? ಬೇಗ ಹೇಳಿ, ಎರಡಕ್ಕೆ ಕೌಂಟರ್ ತೆಗೀಬೇಕು’ ಅಂದಳು. ‘ರಕ್ತ ಕಮ್ಮಿಯಂತೆ’ ಅಂದೆ. ‘ಇಷ್ಟೇನಾ!’ ಎಂದು ಎದ್ದುಹೋಗಿ ಕೌಂಟರ್ ತೆಗೆದಳು.

ಆ ಹೊತ್ತಿಗೆ ನಿನ್ನ ಕೊನೆಯ ವರ್ಷದ ಪರೀಕ್ಷೆಗೆ ಏಳು ವಾರ ಇತ್ತು. ಇದಿಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ತೀರಿಕೊಳ್ಳುವ ಎರಡು ದಿನ ಮುಂಚೆ ಅವಳು ‘ಹುಡುಗಿ ಎಲ್ಲಿ?’ ಅಂದಳು. ‘ದಾರಿಯಲ್ಲಿದ್ದಾಳೆ’ ಅಂದೆ. ನಿನಗೆ ನಾನು ಹೇಳಿಯೇ ಇರಲಿಲ್ಲ, ನಿನಗಿನ್ನೂ ಎರಡು ಪತ್ರಿಕೆ ಉಳಿದಿದ್ದವು. ಜೀವಮಾನವೆಲ್ಲ ಟಿಕೆಟ್ ಕೊಟ್ಟವಳು, ಬಿಡುತ್ತಾಳೆಯೇ? ‘ಯಾವ ರೈಲು?’ ಅಂದಳು. ಬಾಯಿಗೆ ಬಂದ ಒಂದು ರೈಲು ಹೇಳಿದೆ. ‘ಅದು ಯಾವಾಗ್ಲೂ ತಡ’ ಎಂದು, ಆಮೇಲೆ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದಳು. ಪ್ರತಿ ಸಲ ನರ್ಸ್ ಒಳಗೆ ಬಂದಾಗಲೂ ಕಣ್ಣು ತೆರೆಯುತ್ತಿದ್ದಳು.

ಪರೀಕ್ಷೆಯನ್ನು ಮತ್ತೆ ಬರೆಯಬಹುದಿತ್ತು. ಆಗ ಇದು ನನಗೆ ತಿಳಿಯಲಿಲ್ಲ ಎಂದು ಹೇಳಲಾರೆ. ತಿಳಿದಿತ್ತು. ನೀನು ಡಾಕ್ಟರಾಗುವುದನ್ನು ಅವಳಿಗಿಂತ ನಾನೇ ಹೆಚ್ಚು ಬಯಸಿದ್ದೆ. ಇದು ತಪ್ಪು. ಗುರುತಿಸಿದವನು ನಾನು. ದಿನಾಂಕ ಮೇಲಿದೆ.

ಆಮೇಲೆ ನೀನು ಬರೆದ ಒಂದೇ ಸಾಲಿನ ಕಾಗದವನ್ನು ಹಾಳೆಗೆ ಅಂಟಿಸಿ ಬೀರುವಿನಲ್ಲಿಟ್ಟಿದ್ದೇನೆ. ಗೋಂದಕ್ಕ ಏನೂ ಕೇಳದೆ ಅಂಟಿಸಿಕೊಟ್ಟಳು.

ನಿನ್ನ
ಅಪ್ಪ


ಮೇ ೧೯, ೧೯೮೬

ಅಪ್ಪನಿಗೆ,

ಬೇಡವೆಂದಿದ್ದೆ. ಕೈಮುಗಿದು ಬೇಡವೆಂದಿದ್ದೆ.

ಅಮ್ಮ ನನ್ನನ್ನು ಕೇಳಲಿಲ್ಲ, ಅವಳಿಗೆ ಎಚ್ಚರವೇ ಇರಲಿಲ್ಲ ಎಂದುಕೊಂಡು ನಾಲ್ಕು ವರ್ಷ ಹೇಗೋ ನಿದ್ದೆ ಮಾಡಿದ್ದೆ. ಅದನ್ನೂ ಕಿತ್ತುಕೊಂಡಿರಿ. ನಿಮ್ಮ ಮನಸ್ಸು ಹಗುರವಾಗಲು ನನ್ನ ತಲೆಯ ಮೇಲೆ ಹೊರಿಸಿದಿರಿ. ಈಗ ಕಣ್ಣು ಮುಚ್ಚಿದರೆ ಅವಳು ಬಾಗಿಲು ನೋಡುತ್ತಿರುವುದೇ ಕಾಣುತ್ತದೆ.

ಮುಂದಿನ ಕಂತು ಬೇಡ. ಕಳಿಸಿದರೆ ಒಡೆಯುವುದಿಲ್ಲ.

ನಿಮ್ಮ ಮಗಳಾಗಿ ಹುಟ್ಟಿದವಳು


ಜುಲೈ ೮, ೧೯೮೬

ಕತ್ತರಿಗೆ,

ಇದು ಗೋಂದಕ್ಕನ ಅಕ್ಷರ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ನನ್ನ ಮಾತು ತೊದಲುತ್ತದೆ, ಅವಳಿಗೆ ಮಾತ್ರ ಅರ್ಥವಾಗುತ್ತದೆ. ನಡುನಡುವೆ ‘ಇದನ್ನು ಹೀಗೆ ಬರೆಸ್ಬೇಡಿ’ ಎಂದು ತಿದ್ದುತ್ತಾಳೆ. ತಿದ್ದಿದ್ದೂ ಇರಲಿ ಎಂದಿದ್ದೇನೆ.

ಒಡೆಯುವುದಿಲ್ಲ ಎಂದಿದ್ದೀಯ. ಒಡೆಯುವ ದಿನ ಓದಲು ಇರಲಿ. ಕೊನೆಯ ಕಂತು ಇದರಲ್ಲಿದೆ, ನೂರ ಐವತ್ತೆರಡರವರೆಗೆ. ಒಂದರಲ್ಲಿ ಮಾತ್ರ ಅರ್ಧ ಸಾಲು ಖಾಲಿ ಬಿಟ್ಟಿದ್ದೇನೆ.

೧೪೧. ಟ್ರೋಫೆ: ಪೋಷಣೆ. ಗಿಡದಲ್ಲಿ: ಆಟೋಟ್ರೋಫ್, ತನ್ನ ಊಟ ತಾನೇ ಮಾಡಿಕೊಳ್ಳುವುದು. ದೇಹದಲ್ಲಿ:

ಹೋದ ವರ್ಷ ಚಳಿಗಾಲದಲ್ಲಿ ಅಂಗಿಯ ಗುಂಡಿ ಹಾಕಲು ಬೆರಳು ಒಲ್ಲೆನೆಂದಿತು. ಆಮೇಲೆ ಪೆನ್ನು. ಈಗ ಗಂಟಲು. ಡಾಕ್ಟರು ವರದಿ ಕೈಗೆ ಕೊಟ್ಟಾಗ ಈ ಸಲವೂ ಅವರಿಗಿಂತ ಮೊದಲು ನಾನೇ ಓದಿದೆ. ಮೊದಲ ಕಂತಿನ ‘ಅ’, ಮೂರನೆಯ ಕಂತಿನ ‘ಮಿಸ್’ ಅಂದರೆ ಸ್ನಾಯು, ಕೊನೆಯ ಕಂತಿನ ‘ಟ್ರೋಫೆ’. ಸ್ನಾಯುವಿಗೆ ಪೋಷಣೆ ಇಲ್ಲ. ಮೂರು ಪದ ಒಂದಾಗುವ ಹೆಸರು ನಿನಗೆ ಗೊತ್ತು, ಔಷಧ ಇಲ್ಲವೆಂಬುದೂ ಗೊತ್ತು. ಆ ಖಾಲಿ ಜಾಗ ನೀನೇ ತುಂಬು.

ಜನವರಿಯಲ್ಲಿ ನಿನ್ನ ಕಾಗದ ಬಂದಾಗಲೇ ಹೇಳಬೇಕಿತ್ತು. ಹೇಳಿದ್ದರೆ ನೀನು ಡಾಕ್ಟರಾಗಿ ಬರುತ್ತಿದ್ದೆ. ಮಗಳಾಗಿ ಬರಲಿ ಎಂಬ ಆಸೆ. ಅದೂ ಮುಚ್ಚಿಟ್ಟ ಹಾಗೇ ಆಯಿತು, ಬುದ್ಧಿ ಬರುವುದು ನಿಧಾನ ನನಗೆ. ಈಗ ‘ರಕ್ತ ಕಮ್ಮಿ’ ಎನ್ನುವುದಿಲ್ಲ. ಹೆಚ್ಚು ದಿನ ಇಲ್ಲ. ಹೆದರಿಕೆಯಾಗುತ್ತದೆ, ರಾತ್ರಿಗಿಂತ ಹಗಲು ಹೆಚ್ಚು. ನಿನ್ನನ್ನು ನೋಡಬೇಕು.

ಬಾ.

ನಿನ್ನ
ಅಪ್ಪ


ಆಗಸ್ಟ್ ೨೧, ೧೯೮೬

ಡಾಕ್ಟರಮ್ಮ,

ಬೆಳಿಗ್ಗೆ ತಂತಿ ಕಳಿಸಿದ್ದೇನೆ. ತಂತಿಯಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ. ನೀವು ಬಂದಾಗ ಕೈಯಲ್ಲಿ ಕೊಡುತ್ತೇನೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಇಂದು ಬೆಳಿಗ್ಗೆ ಏಳು ಗಂಟೆಗೆ ಹೋದರು. ಉಸಿರಾಟ ನಿಧಾನವಾಗುತ್ತ ಬಂದು ನಿಂತಿತು. ನಾನಿದ್ದೆ.

ಜುಲೈಯಿಂದ ದಿನಾ ಅಂಚೆಯವನು ಬರುವ ಹೊತ್ತಿಗೆ ಕುರ್ಚಿಯನ್ನು ಕಿಟಕಿಗೆ ತಿರುಗಿಸಲು ಹೇಳುತ್ತಿದ್ದರು. ‘ತಂತಿ ಕೊಡ್ಲಾ?’ ಎಂದು ಹತ್ತು ಸಲ ಕೇಳಿದೆ. ಮಾತು ಇನ್ನೂ ಇದ್ದಾಗ ಹೇಳಿದರು, ‘ಬೇಡ. ಹೋದ ಸಲ ಅವಳ ಪರವಾಗಿ ನಾನೇ ತೀರ್ಮಾನ ಮಾಡ್ದೆ. ಈ ಸಲ ಬರೋದು ಬಿಡೋದು ಅವಳದು.’ ಅಷ್ಟು ಹಟಮಾರಿ ಮನುಷ್ಯ. ನಾನು ಅವರ ಮಾತು ಮೀರಬೇಕಿತ್ತು. ಮೀರಲಿಲ್ಲ. ಈಗ ಎದೆ ಬಡಿದುಕೊಂಡು ಏನು ಪ್ರಯೋಜನ?

ಇನ್ನೊಂದು ತಪ್ಪು ಮಾಡಿದೆ. ಮೊನ್ನೆ ಸಂಜೆ ಮಾತು ಪೂರ್ತಿ ಹೋಗಿತ್ತು. ಬಾಗಿಲ ಕಡೆ ನೋಡಿ ಹುಬ್ಬು ಎತ್ತಿದರು, ಬಂದಳಾ ಎಂದು. ಮತ್ತೆ ಎತ್ತಿದರು. ನೋಡಲಾಗಲಿಲ್ಲ ನನಗೆ. ‘ದಾರಿಯಲ್ಲಿದ್ದಾಳೆ, ರೈಲು ಹತ್ತಿದಾಳಂತೆ’ ಅಂದುಬಿಟ್ಟೆ.

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಇಳಿಯುವ ತನಕ ನಕ್ಕರು. ನಂಬಿ ನಕ್ಕರೋ ಸುಳ್ಳೆಂದು ತಿಳಿದು ನಕ್ಕರೋ, ದೇವರಾಣೆ ನನಗೆ ಗೊತ್ತಾಗಲಿಲ್ಲ. ಆದರೆ ಆಮೇಲೆ ಮುಖವನ್ನು ಬಾಗಿಲ ಕಡೆಯಿಂದ ತಿರುಗಿಸಲೇ ಇಲ್ಲ. ಸುಳ್ಳು ಹೇಳಿದ್ದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ.

ಗೋಂದಕ್ಕ


ಆಗಸ್ಟ್ ೨೫, ೧೯೮೬

ಅಪ್ಪಾ,

ನಿನ್ನ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಮೇಜಿನ ಕಾಲು ಗಿಡ್ಡವಾಗಿಲ್ಲ, ನೋಡಿದೆ. ಪೆನ್ನಿನ ಮುಳ್ಳೂ ಹೊಸದೇ.

ನಿನ್ನ ಜುಲೈ ಕಾಗದ ಆರು ವಾರ ನನ್ನ ಪ್ರಯೋಗಾಲಯದ ಡ್ರಾಯರ್‌ನಲ್ಲಿತ್ತು, ಗಾಜಿನ ಪಟ್ಟಿಗಳ ಡಬ್ಬಿಯ ಕೆಳಗೆ. ದಿನಾ ಡ್ರಾಯರ್ ಎಳೆಯುತ್ತಿದ್ದೆ, ಲಕೋಟೆ ಕಾಣುತ್ತಿತ್ತು, ಮುಚ್ಚುತ್ತಿದ್ದೆ. ಮೇಲಿನ ವಿಳಾಸ ನಿನ್ನ ಅಕ್ಷರದಲ್ಲಿರಲಿಲ್ಲ. ಅದೂ ಕಂಡಿತ್ತು. ‘ಈಗ ಬರೆಯೋಕೂ ಬೇರೆಯವರು ಬೇಕಾದ್ರಾ’ ಎಂದು ಸಿಟ್ಟು ಮಾಡಿಕೊಂಡೆ. ತಂತಿ ಬಂದ ಮೇಲೆ ರೈಲಿನಲ್ಲಿ ಒಡೆದೆ. ‘ಬಾ’ ಎಂಬ ಕಡೆ ಬಂದಾಗ ರೈಲು ಯಾವುದೋ ಸಿಗ್ನಲ್ಲಿಗೆ ನಿಂತಿತ್ತು. ಎದುರಿಗೆ ಕೂತಿದ್ದ ಹೆಂಗಸು ‘ಏನಾಯ್ತಮ್ಮ?’ ಅಂದಳು. ‘ಏನಿಲ್ಲ, ರೈಲು ತಡ ಆಯ್ತು’ ಅಂದೆ.

ಅಪ್ಪಾ, ನಾನು ಡಾಕ್ಟರು. ಗುರುತೇ ಇಲ್ಲದವರ ಚೂರು ನೋಡಿ ಅವರಿಗೇನಾಗಿದೆ ಎಂದು ಹೇಳುವವಳು. ಜಾರುವ ಸಾಲುಗಳು, ತಡವಾಗುವ ಕಾಗದಗಳು, ಎಲ್ಲ ನನ್ನ ಕೈಯಲ್ಲೇ ಇದ್ದವು. ಬೇರೆ ಯಾರದೋ ಅಪ್ಪನ ಅಕ್ಷರವಾಗಿದ್ದರೆ ‘ಯಾವಾಗಿಂದ ಹೀಗೆ? ಕೈ ತೋರಿಸಿ’ ಎನ್ನುತ್ತಿದ್ದೆ. ನಿನಗೆ ‘ಅವಸರದಲ್ಲಿ ಬರೆಯಬೇಡಿ’ ಎಂದು ಬರೆದೆ. ಕೇಳಿದರೆ ನೀನು ಹೇಳಿಬಿಡುತ್ತೀಯ, ಹೇಳಿದರೆ ನಿನ್ನನ್ನು ಕ್ಷಮಿಸಬೇಕಾಗುತ್ತದೆ. ಅದಕ್ಕೆ ಕೇಳಲಿಲ್ಲ.

ಗೋಂದಕ್ಕ ಬಾಗಿಲಲ್ಲೇ ನನ್ನ ಕೈಗೆ ಕಾಗದ ತುರುಕಿ, ಒಳಗೆ ಹೋಗಿ ಚಹಾ ಕಾಯಿಸುತ್ತ ಬೆನ್ನು ಹಾಕಿ ನಿಂತಳು. ಓದಿದ ಮೇಲೆ ಅವಳಿಗೆ ಹೇಳಿದೆ, ನೀನು ಯಾಕೆ ನಕ್ಕೆ ಎಂದು. ಅಮ್ಮನಿಗೆ ನೀನು ಕೊಟ್ಟ ಮಾತೇ ನಿನಗೆ ಬಂದು ತಲುಪಿತು ಎಂದು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನನಗೆ ಮಾತ್ರ ಇನ್ನೂ ಅಳು ಬಂದಿರಲಿಲ್ಲ.

ನೀಲಿ ನೋಟ್ ಪುಸ್ತಕ ನಿನ್ನ ಡ್ರಾಯರ್‌ನಲ್ಲೇ ಸಿಕ್ಕಿತು. ಒಂದು ಹುಳುವೂ ಮುಟ್ಟಿಲ್ಲ, ಕಳ್ಳಾ. ಹೊಚ್ಚಹೊಸದರ ಹಾಗಿದೆ. ಒಂದೇ ಸಲ ಕಳಿಸಿಬಿಟ್ಟಿದ್ದರೆ ಒಂದೇ ಕಾಗದಕ್ಕೆ ಎಲ್ಲ ಮುಗಿಯುತ್ತಿತ್ತು. ಪೆನ್ನು ಹಿಡಿಯಲಾಗದ ಕೈಯಲ್ಲಿ ನೀನು ನೂರಕ್ಕೂ ಹೆಚ್ಚು ಸಾಲು ಬರೆದೆ, ನನ್ನಿಂದ ಮೂರು ಕಾಗದಕ್ಕಾಗಿ. ಆಗ ಅಳು ಬಂತು.

ಖಾಲಿ ಜಾಗ ತುಂಬಿದ್ದೇನೆ. ‘ದೇಹದಲ್ಲಿ: ನನ್ನ ಅಪ್ಪನ ಬಲಗೈ.’ ಮುಂದಿನ ತಿಂಗಳು ತರಗತಿಯಲ್ಲಿ ಇದನ್ನೇ ಬರೆಸುತ್ತೇನೆ. ಬಟಾಣಿ ಹುಡುಗಿ ಏನಾದರೂ ಕೇಳುತ್ತಾಳೆ. ಹೇಳುತ್ತೇನೆ.

ಆಮೇಲೆ ಗೋಂದಕ್ಕ ಹರ್ಬೇರಿಯಂಗೆ ಕರೆದುಕೊಂಡು ಹೋಗಿ ಕೊನೆಯ ಬೀರು ತೆರೆದಳು, ಗುರುತು ಸಿಗದ ಗಿಡಗಳನ್ನಿಡುವುದು. ತಳದಲ್ಲಿ ನನ್ನ ಹಾಳೆ ಇತ್ತು. ನಡುವೆ, ಗಿಡ ಇರಬೇಕಾದ ಕಡೆ, ನನ್ನ ಕಾಗದ. ನಾಲ್ಕು ಮೂಲೆಗೂ ತೆಳು ಪಟ್ಟಿ ಹಾಕಿ ಅಂಟಿಸಿದ್ದು. ‘ನನಗೆ ಅಪ್ಪ ಇಲ್ಲ.’ ಇಪ್ಪತ್ತಮೂರು ವರ್ಷದ ಹುಡುಗಿಯ ಸಿಟ್ಟಿನ ಅಕ್ಷರ, ಪೆನ್ನು ಒತ್ತಿ ಕಾಗದ ತೂತಾಗಿದೆ. ಕೆಳಗೆ ಬಲ ಮೂಲೆಯಲ್ಲಿ ಒಂದು ಚೀಟಿಯಷ್ಟು ಜಾಗ ಖಾಲಿ ಬಿಟ್ಟಿದ್ದೀಯ. ನಾಲ್ಕು ವರ್ಷ ಅದನ್ನು ಹಾಗೇ ಬಿಟ್ಟಿದ್ದೀಯ. ‘ಆ ಜಾಗದಲ್ಲಿ ಏನೂ ಅಂಟಿಸಬೇಡ ಅಂದಿದ್ರು’ ಅಂದಳು ಗೋಂದಕ್ಕ.

ಹರಿದುಹಾಕಲು ಕೈ ಹೋಯಿತು. ಅವಳು ಕೈ ಹಿಡಿದಳು. ಸರಿ, ಕಟ್ಟಳೆ ಕಟ್ಟಳೆಯೇ. ಚೀಟಿ ಬರೆದೆ, ಅವಳು ಗೋಂದು ಹಚ್ಚಿ ಕೊಟ್ಟಳು, ನಾನೇ ಅಂಟಿಸಿ ಅಂಗೈಯಿಂದ ಒತ್ತಿದೆ. ನಿನ್ನಷ್ಟು ಚಂದದ ಅಕ್ಷರವಲ್ಲ.

ಹಳೆಯ ಗುರುತು ತಪ್ಪು. ಅಪ್ಪ ಇದ್ದ.
ದಿನಾಂಕ: ಆಗಸ್ಟ್ ೨೫, ೧೯೮೬
ಗುರುತಿಸಿದವಳು: ಕತ್ತರಿ